ಬಾಸ್ಟನ್‌ನ ಸ್ಕಾಲಿ ಬ್ರೆಡ್

ಎಳ್ಳು ಮೆತ್ತಿದ ಮೂರೆಳೆ ಜಡೆ, ತೆಳ್ಳನೆ ಗರಿಗರಿ ಮೇಲ್ಪದರ, ಒಳಗೆ ಮೆತ್ತಗಿನ ತಿರುಳು. ಬಾಸ್ಟನ್ ಕಡೆಯ ಇಟಾಲಿಯನ್-ಅಮೆರಿಕನ್ ಬೇಕರಿಗಳ ಬ್ರೆಡ್ ಇದು. ಬಾಸ್ಟನ್ ಇರುವ ಅಮೆರಿಕದ ಈಶಾನ್ಯ ಮೂಲೆ, ಅಂದರೆ ನ್ಯೂ ಇಂಗ್ಲೆಂಡ್ ದಾಟಿದರೆ ಹೆಸರು ಕೇಳಿದವರೇ ಕಡಿಮೆ. ಸ್ಯಾಂಡ್‌ವಿಚ್‌ಗೆ ಇಷ್ಟು ಹೊಂದುವ ಬ್ರೆಡ್ ಅಲ್ಲೇ ಉಳಿದುಬಿಟ್ಟಿದೆಯಲ್ಲ ಅನ್ನಿಸುತ್ತೆ.

ರುಚಿಯೆಲ್ಲ ಹಿಂದಿನ ರಾತ್ರಿಯ ಹುದುಗಿನಲ್ಲಿದೆ: 120 ಗ್ರಾಂ ಮೈದಾ, 80 ಗ್ರಾಂ ನೀರು, ಚಿಟಿಕೆ ಯೀಸ್ಟ್. ಬೆಳಿಗ್ಗೆ ಅದಕ್ಕೆ 240 ಗ್ರಾಂ ಮೈದಾ, 150 ಗ್ರಾಂ ನೀರು, 4 ಗ್ರಾಂ ಯೀಸ್ಟ್, 7 ಗ್ರಾಂ ಉಪ್ಪು, 15 ಗ್ರಾಂ ಹಾಲಿನ ಪುಡಿ, 25 ಗ್ರಾಂ ಆಲಿವ್ ಎಣ್ಣೆ. ನಮ್ಮ ಅಂಗಡಿ ಮೈದಾದಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಕಡಿಮೆ, ಹಾಗಾಗಿ 20 ಗ್ರಾಂ ನೀರು ಹಿಡಿದಿಟ್ಟು ನೋಡಿಕೊಂಡು ಹಾಕಿ. ನುಣುಪಾಗುವವರೆಗೆ ನಾದಿ, ಎರಡರಷ್ಟು ಉಬ್ಬಲು ಬಿಡಿ.

ಕೆಡುವುದು ಹೆಚ್ಚಾಗಿ ಜಡೆಯಲ್ಲೇ. ಉಬ್ಬಿದ ಹಿಟ್ಟನ್ನು ಮೂರು ಭಾಗ ಮಾಡಿ ಉದ್ದನೆಯ ಎಳೆಗಳಾಗಿ ಹಿಗ್ಗಿಸುವಾಗ ಹಿಂದಕ್ಕೆ ಜಗ್ಗಿದರೆ ಬಲವಂತ ಬೇಡ. ಹತ್ತು ನಿಮಿಷ ಮುಚ್ಚಿಡಿ, ತಾನೇ ಸಡಿಲವಾಗುತ್ತೆ. ಬಿಗಿಯಾಗಿ ಹೆಣೆದರೆ ಓವನ್‌ನಲ್ಲಿ ಉಬ್ಬುವಾಗ ಪಕ್ಕ ಹರಿಯುತ್ತೆ. ಸಡಿಲ ಹೆಣಿಗೆಯೇ ಸರಿ, ತುದಿಗಳನ್ನು ಮಾತ್ರ ಒತ್ತಿ ಕೆಳಗೆ ಮಡಚಿ.

ಬರೀ ನೀರು ಸವರಿದರೆ ಎಳ್ಳು ಕೊಯ್ಯುವಾಗ ಉದುರುತ್ತೆ. ಮೊಟ್ಟೆಯ ಬಿಳಿ ಸವರಿ, ಬಿಳಿ ಎಳ್ಳನ್ನು ಧಾರಾಳವಾಗಿ ಮೆತ್ತಿ. ಇನ್ನೊಮ್ಮೆ ಉಬ್ಬಿದ ಮೇಲೆ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ. ಎಳ್ಳು ಬೇಗ ಕಂದಿದರೆ ಮೇಲೆ ಫಾಯಿಲ್ ಹೊದಿಸಿ. ಪೂರ್ತಿ ಆರುವ ಮುಂಚೆ ಕೊಯ್ದರೆ ತಿರುಳು ಅಂಟಂಟಾಗುತ್ತೆ.