ರಿಜೆಕ್ಟ್ ಲೆಟರ್ ಬಂತು ಅಂತ ಕೈ ಬಿಡ್ಬೇಡಿ

ನಮ್ ಮಂಡ್ಯ ಕಡೆ ಮಿಲಿಟ್ರಿಗೆ ಹೋಗ್ಬಂದೋರು ಸುಮಾರು ಜನ ಇದ್ದಾರೆ, ಅದ್ರಲ್ಲಿ ಮಂಡಿನೋ ಸೊಂಟನೋ ಹಾಳು ಮಾಡ್ಕೊಂಡು ಬಂದೋರೂ ಇದ್ದಾರೆ. ಡಿಸೆಬಿಲಿಟಿ ಪೆನ್ಷನ್ (ಸರ್ವೀಸಿಂದ ಮೈಗಾದ ತೊಂದರೆಗೆ ಕೊಡೋ ಪೆನ್ಷನ್) ರಿಜೆಕ್ಟ್ ಆಯ್ತು ಅಂದ ತಕ್ಷಣ ಕಾಗದ ಮಡಚಿ ಟ್ರಂಕಿಗೆ ಹಾಕಿ ಗದ್ದೆ ಕಡೆ ಹೋಗ್ಬಿಡ್ತಾರೆ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ.

ನಮ್ ಚಿಕ್ಕಪ್ಪ ಆರ್ಟಿಲರಿಲಿದ್ರು, ಅಂದ್ರೆ ಫಿರಂಗಿ ದಳದಲ್ಲಿ. ವರ್ಷಗಟ್ಟಲೆ ಗನ್ ಪಕ್ಕದಲ್ಲೇ ಡ್ಯೂಟಿ, ಎಡಗಿವಿ ಹೋಗಿದೆ. ಊಟಕ್ಕೆ ಕೂತ್ರೂ ಬಲಗಿವಿ ನಮ್ ಕಡೆ ಇರೋ ಹಂಗೆ ನೋಡ್ಕೊಂಡೇ ಕೂರ್ತಾರೆ, ಚಿಕ್ಕಮ್ಮ ಎಡಗಡೆಯಿಂದ ಸಾರು ಬೇಕಾ ಅಂದ್ರೆ ಗೊತ್ತೇ ಆಗಲ್ಲ. ರಿಟೈರ್ ಆಗೋವಾಗ ಮೆಡಿಕಲ್ ಬೋರ್ಡ್‌ನೋರು ಡಿಸೆಬಿಲಿಟಿ 20 ಪರ್ಸೆಂಟ್ ಅಂತ ಬರೆದು, ಅದ್ರ ಕೆಳಗೇ ಇದು ಸರ್ವೀಸಿಂದ ಬಂದಿದ್ದಲ್ಲ, ಸರ್ವೀಸಿಂದ ಜಾಸ್ತಿ ಆಗಿದ್ದೂ ಅಲ್ಲ ಅಂತ ಬರೆದಿದ್ದಾರೆ. ಯಾಕೆ ಅಲ್ಲ ಅನ್ನೋದಕ್ಕೆ ಸರಿಯಾದ ಕಾರಣನೇ ಇಲ್ಲ.

2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿರೋದು. ಸೇರಿಸ್ಕೊಳ್ಳೋವಾಗ ಮೆಡಿಕಲ್ ಮಾಡಿ ಫಿಟ್ ಅಂತ ತಗೊಂಡಿದ್ದಾರೆ, ಆ ಕಾಗದದಲ್ಲಿ ಯಾವ ತೊಂದರೆನೂ ಬರೆದಿಲ್ಲ ಅಂದ್ರೆ, ಆಮೇಲೆ ಬಂದಿದ್ದು ಸರ್ವೀಸಿಂದ್ಲೇ ಅಂತ ತಿಳ್ಕೋಬೇಕು, ಅಲ್ಲ ಅನ್ನೋದಾದ್ರೆ ಸಾಬೀತು ಮಾಡ್ಬೇಕಾಗಿರೋದು ಸರ್ಕಾರ, ಸೈನಿಕ ಅಲ್ಲ. ಡೌಟ್ ಇದ್ರೆ ಅದ್ರ ಲಾಭ ಸೈನಿಕನಿಗೇ ಸಿಗ್ಬೇಕು. (2023ರ ಸೆಪ್ಟೆಂಬರ್ 21ರ ನಂತರ ರಿಟೈರ್ ಆದೋರಿಗೆ ಹೊಸ ರೂಲ್ಸ್ ಬಂದಿದೆ, ಅವರು ಅದನ್ನ ಓದ್ಕೊಂಡೇ ಮುಂದೆ ಹೋಗ್ಬೇಕು.)

ಇನ್ನೊಂದು, 20 ಪರ್ಸೆಂಟ್‌ಗೆ ಏನ್ ಮಹಾ ಸಿಗುತ್ತೆ ಬಿಡು ಅಂತಾರೆ ಜನ. ಹಂಗಲ್ಲ. 20 ಇದ್ರೆ ಅದನ್ನ 50 ಅಂತ ಲೆಕ್ಕ ಹಾಕ್ಬೇಕು, ಮೊದ್ಲು ಇದು ಮೆಡಿಕಲ್ ಮೇಲೆ ಮನೆಗೆ ಕಳಿಸಿದೋರಿಗೆ ಮಾತ್ರ ಅಂತಿದ್ರು, 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಲ್ಲಿ ಪೂರ್ತಿ ಸರ್ವೀಸ್ ಮುಗಿಸಿದೋರಿಗೂ ಅನ್ವಯ ಅಂತ ಆಯ್ತು. ನೂರು ಪರ್ಸೆಂಟ್‌ಗೆ ಕೊನೇ ಸಂಬಳದ 30 ಪರ್ಸೆಂಟ್, ಅಂದ್ರೆ 50ಕ್ಕೆ 15 ಪರ್ಸೆಂಟ್. ಅದು ಮಾಮೂಲಿ ಪೆನ್ಷನ್ ಜೊತೆಗೆ ಸೇರಿ ಬರೋದು, ಕಮ್ಮಿ ದುಡ್ಡಲ್ಲ ಅದು.

ರಿಜೆಕ್ಟ್ ಲೆಟರ್ ಬಂದು ಆರು ತಿಂಗಳೊಳಗೆ ಫಸ್ಟ್ ಅಪೀಲ್ ಹಾಕ್ಬೇಕು, ಅದೂ ಆಗ್ಲಿಲ್ಲ ಅಂದ್ರೆ ಸೆಕೆಂಡ್ ಅಪೀಲ್, ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ (ಮಿಲಿಟ್ರಿಯೋರ ಕೇಸ್ ನೋಡೋ ಕೋರ್ಟ್ ಥರದ್ದು), ನಮ್ ಕರ್ನಾಟಕ ಬರೋದು ಕೊಚ್ಚಿ ಬೆಂಚಿಗೆ. ಆದ್ರೆ ಅಪೀಲ್ ಬರೆಯೋಕ್ ಮುಂಚೆ ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್ ಪೂರ್ತಿ ಕಾಪಿ ತರಿಸ್ಕೊಳ್ಳಿ, ಸರ್ವೀಸ್ ಕಾಗದ ಎಲ್ಲಾ ಇಟ್ಕೊಂಡಿರೋ ರೆಕಾರ್ಡ್ ಆಫೀಸಿಗೆ ಲೆಟರ್ ಬರೀರಿ, ಕೊಡ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ. ಏಟು ಬಿದ್ದಿದ್ರೆ ಆಗಿನ ಇಂಜುರಿ ರಿಪೋರ್ಟ್ ಬೇಕೇ ಬೇಕು. ಚಿಕ್ಕಪ್ಪನ ಅಪೀಲಲ್ಲಿ ನಾವು ಜೋರಾಗಿ ಹಿಡ್ಕೊಂಡಿರೋದು ಎರಡೇ ಕಾಗದ, ಸೇರುವಾಗ ಕಿವಿ ನಾರ್ಮಲ್ ಅಂತ ಬರೆದಿರೋ ಶೀಟು, ಮತ್ತೆ ಯಾವ್ಯಾವ ವರ್ಷ ಗನ್ ಮೇಲಿದ್ರು ಅನ್ನೋ ಸರ್ವೀಸ್ ರೆಕಾರ್ಡು. ಫಸ್ಟ್ ಅಪೀಲ್ ವಾಪಸ್ ಬಂತು, ಈಗ ಸೆಕೆಂಡ್ ಅಪೀಲ್ ಹಾಕಿದ್ದೀವಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಟ್ರಿಬ್ಯುನಲ್ಲಿಗೆ ಹೋಗೋದೇ.

ಹತ್ತು ವರ್ಷ ಹಿಂದೆ ರಿಜೆಕ್ಟ್ ಆಗಿರೋರೂ ಕೇಳ್ಬೋದು. ಲೇಟಾಯ್ತು ಅನ್ನೋ ಒಂದೇ ಕಾರಣಕ್ಕೆ ಪೆನ್ಷನ್ ಹಕ್ಕು ಹೋಗಲ್ಲ, ಆದ್ರೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಕೊಡ್ತಾರೆ, ತಡ ಮಾಡ್ದಷ್ಟೂ ದುಡ್ಡು ಹೋಗ್ತಾ ಇರುತ್ತೆ.