ಹಾಜರಿ ಪುಸ್ತಕದಲ್ಲಿ ಇಬ್ಬರು

ನಮ್ಮದು ಮಲೆನಾಡಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ ತರಗತಿಗಳು, 26 ಮಕ್ಕಳು, ಇಬ್ಬರು ಶಿಕ್ಷಕರು. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದರಿಂದ, ಲೆಕ್ಕದ ಪ್ರಕಾರ ನಮಗೆ ಕೊರತೆಯೆಂಬುದೇ ಇಲ್ಲ. ಕಳೆದ ಆಷಾಢದ ಒಂದು ಸೋಮವಾರ ನನ್ನ ಸಹೋದ್ಯೋಗಿಗೆ ತಾಲ್ಲೂಕು ಕಚೇರಿಯಲ್ಲಿ ಬಿಎಲ್‌ಒಗಳ, ಅಂದರೆ ಮತದಾರರ ಪಟ್ಟಿಯ ಕೆಲಸ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿಗಳ ಸಭೆಯಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ, ಬೇರೆ ಸರ್ಕಾರಿ ಕೆಲಸದ ಮೇಲೆ ಹೊರಗಿದ್ದಾರೆ ಎಂಬರ್ಥದಲ್ಲಿ, ‘ಓಓಡಿ’ ಎಂದು ಬರೆದು ನಾನು ದಿನವನ್ನು ಆರಂಭಿಸಿದೆ.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ನಲಿ-ಕಲಿ ಕೊಠಡಿಯಲ್ಲಿ ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪದ್ಧತಿಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ನೋಡಿಕೊಂಡು, ಅದರ ಚಟುವಟಿಕೆಯ ಕಾರ್ಡು ತೆಗೆದುಕೊಂಡು, ‘ತಟ್ಟೆ’ ಎಂದು ಕರೆಯುವ ತನ್ನ ಗುಂಪಿನ ಗುರುತಿನ ಸುತ್ತ ಕೂರುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರದು ಒಂದು ಗುಂಪು, ಜೊತೆಯವರಿಂದ ಕಲಿಯುವವರದು ಇನ್ನೊಂದು, ತಾವೇ ಕಲಿಯುವವರದು ಮತ್ತೊಂದು. ಆದರೆ ಇಷ್ಟೆಲ್ಲ ನಡೆಯಬೇಕಾದರೆ ಒಬ್ಬ ಶಿಕ್ಷಕರು ಆ ಕೊಠಡಿಯಲ್ಲೇ ನೆಲದ ಮೇಲೆ ಕುಳಿತಿರಬೇಕು. ಆ ದಿನ ನಾನು ಪಕ್ಕದ ಕೊಠಡಿಯಲ್ಲಿ ನಾಲ್ಕು-ಐದನೆಯವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದುದರಿಂದ, ಇಡೀ ನಲಿ-ಕಲಿ ಕೊಠಡಿಯೇ ಸ್ವಯಂ ಕಲಿಕೆಯ ಗುಂಪಾಯಿತು. ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಅಲ್ಲಿ ಕೂರಿಸಿದೆ. ಅವಳು ನನಗಿಂತ ಗಟ್ಟಿಯಾಗಿ ಗದರಿಸುತ್ತಾಳೆ, ಆ ವಿಷಯದಲ್ಲಿ ಚಿಂತೆಯಿರಲಿಲ್ಲ. ಅವಳ ಭಿನ್ನರಾಶಿ ಮಾತ್ರ ಅಲ್ಲಿಗೇ ನಿಂತಿತು.

ಹನ್ನೊಂದೂವರೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬಂತು. ಸಮವಸ್ತ್ರ ಮತ್ತು ಪಠ್ಯಪುಸ್ತಕ ಪಡೆದ ಮಕ್ಕಳ ಸಂಖ್ಯೆಯನ್ನು ವರ್ಗವಾರು, ಲಿಂಗವಾರು ‘ಕೂಡಲೇ’ ಕಳುಹಿಸಬೇಕು. ಇದೇ ಮಾಹಿತಿಯನ್ನು ಹದಿನೈದು ದಿನಗಳ ಹಿಂದೆ ಕಳುಹಿಸಿದ್ದೆವು, ಆಗ ನಮೂನೆ ಬೇರೆಯಿತ್ತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಧ್ವಜಸ್ತಂಭದ ಬಳಿ ಮಾತ್ರ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು ಹಿಡಿದು ನಾನು ಮಳೆಯಲ್ಲಿ ನಿಂತಿದ್ದಾಗ ಎರಡು ಕೊಠಡಿಗಳಿಂದಲೂ ಗಲಾಟೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಅಡುಗೆಯಕ್ಕ ಬಂದು, ‘ಮೇಡಂ, ಸಾರು ರುಚಿ ನೋಡಿ ಬನ್ನಿ’ ಎಂದು ಕರೆದರು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ಉಂಡು ನೋಡಬೇಕೆಂಬುದು ನಿಯಮ; ಅದನ್ನು ಮಾತ್ರ ನಾನು ಎಂದೂ ತಪ್ಪಿಸುವುದಿಲ್ಲ.

ಸಹೋದ್ಯೋಗಿಯ ಮೇಲೆ ನನಗೆ ಸಿಟ್ಟಿಲ್ಲ. ಮನೆಮನೆ ಅಲೆಯುವ ಕೆಲಸ ಅವರು ಕೇಳಿ ಪಡೆದದ್ದಲ್ಲ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಲು ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಅವಕಾಶ ಕೊಟ್ಟಿದೆ. ಮತದಾರರ ಪಟ್ಟಿಯ ಪರಿಷ್ಕರಣೆಗೆ ಶಿಕ್ಷಕರನ್ನು ರಜಾದಿನಗಳಲ್ಲಿ ಮತ್ತು ಪಾಠವಿಲ್ಲದ ದಿನಗಳಲ್ಲಿ ಬಳಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲೇ ಹೇಳಿತ್ತು. ಆ ಸೋಮವಾರ ರಜೆಯಾಗಿರಲಿಲ್ಲ.

ಸಂಜೆ ಬಾಗಿಲು ಹಾಕುವಾಗ ಎರಡನೆಯ ತರಗತಿಯ ಹುಡುಗನೊಬ್ಬ ಚೀಲ ಹೆಗಲಿಗೇರಿಸಿಕೊಂಡು, ಕೈಯಲ್ಲಿ ಕಾರ್ಡು ಹಿಡಿದು ನಿಂತಿದ್ದ. ‘ಮಿಸ್, ಬೆಳಿಗ್ಗೇನೇ ಮುಗಿಸಿದ್ದೆ. ನೀವು ನೋಡ್ಲೇ ಇಲ್ಲ’ ಎಂದ. ಶಿಕ್ಷಕರು ಪರಿಶೀಲಿಸದೆ ಮುಂದಿನ ಮೆಟ್ಟಿಲಿಗೆ ಹೋಗುವಂತಿಲ್ಲವೆಂಬ ಕಾರಣಕ್ಕೆ ಅವನು ಮಧ್ಯಾಹ್ನವೆಲ್ಲ ಅದೇ ಕಾರ್ಡನ್ನು ಮತ್ತೆ ಮತ್ತೆ ಬರೆದಿದ್ದ. ಸ್ಲೇಟಿನ ಎರಡೂ ಬದಿ ತುಂಬಿತ್ತು. ಅಲ್ಲೇ ಜಗಲಿಯಲ್ಲಿ ಕುಳಿತು ಓದಿಸಿದೆ. ಒಂದು ಒತ್ತಕ್ಷರ ತಪ್ಪಾಗಿತ್ತು, ಬೆಳಗಿನಿಂದ ಅಷ್ಟು ಸಲವೂ ಅದೇ ತಪ್ಪು. ತಿದ್ದಿ ಬರೆಸುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಅವನನ್ನು ಕಳುಹಿಸಿ ಒಳಗೆ ಹೋಗಿ ದಿನದ ವರದಿ ಬರೆದೆ. ಓಓಡಿಯನ್ನು ಕರ್ತವ್ಯವೆಂದೇ ಪರಿಗಣಿಸುವುದರಿಂದ, ಗೈರುಹಾಜರಾದ ಶಿಕ್ಷಕರ ಸಂಖ್ಯೆಯ ಮುಂದೆ ಸೊನ್ನೆ ಹಾಕಿದೆ.