ಪ್ರಾಜೆಕ್ಟ್ ಬ್ಯಾಚುಗಳು ಕಾಲೇಜಿನ ಗೇಟು ದಾಟಲಿ

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ನಾಲ್ವರ ಒಂದು ಬ್ಯಾಚ್, ಒಬ್ಬ ಗೈಡ್, ದಪ್ಪ ರಟ್ಟಿನ ರಿಪೋರ್ಟ್ ಮತ್ತು ಕೊನೆಗೊಂದು ವೈವಾ ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ನಾಲ್ವರೂ ಒಂದೇ ವಿಭಾಗದವರು, ಬಹಳಷ್ಟು ಸಲ ಒಂದೇ ಹಾಸ್ಟೆಲಿನ ಗೆಳೆಯರು. ಒಬ್ಬರೋ ಇಬ್ಬರೋ ದುಡಿಯುತ್ತಾರೆ, ಅಂಕಗಳು ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಹುಬ್ಬಳ್ಳಿಯಲ್ಲಿ ಪಾಠ ಮಾಡಿಕೊಂಡಿರುವ ನನಗೆ ಇದನ್ನು ಯಾವುದೇ ಕಾಲೇಜು ತಾನೊಂದೇ ಸರಿಪಡಿಸಬಲ್ಲದು ಎಂದು ಅನ್ನಿಸುವುದಿಲ್ಲ. ವಿಶ್ವವಿದ್ಯಾಲಯಗಳು ಕೂಡಿ ಪ್ರಾಜೆಕ್ಟ್ ನಡೆಸಿದರೆ ಮಾತ್ರ ಇದು ಸಾಧ್ಯ.

ಅದಕ್ಕೆ ನಮ್ಮ ಅವಳಿ ನಗರದಷ್ಟು ಅನುಕೂಲದ ಜಾಗ ಕಡಿಮೆ. 1947ರಲ್ಲಿ ಬಿ.ವಿ.ಬಿ. ಕಾಲೇಜಾಗಿ ಆರಂಭವಾದ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿದೆ. 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ, 2015ರಲ್ಲಿ ಆರಂಭವಾದ ಐಐಐಟಿ ಮತ್ತು 2016ರಲ್ಲಿ ಬಂದ ಐಐಟಿ ಧಾರವಾಡದಲ್ಲಿವೆ. ಊರಿಂದ ಊರಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಆದರೂ ಕೃಷಿ ವಿದ್ಯಾರ್ಥಿಯೂ ಮೆಕ್ಯಾನಿಕಲ್ ವಿದ್ಯಾರ್ಥಿಯೂ ಒಂದೇ ಬ್ಯಾಚಿನಲ್ಲಿ ಕೂತು ಕೆಲಸ ಮಾಡುವುದು ಅಪರೂಪವೇ.

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂದಿಗೂ ಈ ಕೆಲಸವನ್ನು ಬಹುಮಟ್ಟಿಗೆ ಹೆಣ್ಣುಮಕ್ಕಳು ರಾಶಿಯ ಮುಂದೆ ಕೂತು ಕೈಯಿಂದಲೇ ಮಾಡುತ್ತಾರೆ. ಮೆಕ್ಯಾನಿಕಲ್ ಬ್ಯಾಚೊಂದೇ ಕೂತರೆ ಅದರ ಲಕ್ಷ್ಯವೆಲ್ಲ ಮೋಟಾರು, ಬ್ಲೇಡು, ತಾಸಿಗೆ ಎಷ್ಟು ಕಿಲೋ ಎಂಬುದರ ಮೇಲೆಯೇ ಇರುತ್ತದೆ. ಆದರೆ ಡಬ್ಬಿ ತಳಿಯ ಕಾಯಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಕಡ್ಡಿ ತಳಿಯದು ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಕಾಯಿ ಹೆಚ್ಚು ಒಣಗಿದ್ದರೆ ಒತ್ತಿದೊಡನೆ ಮುರಿದು ಬೀಜ ಉದುರುತ್ತದೆ, ತೇವವಿದ್ದರೆ ತೊಟ್ಟು ಜಗ್ಗಿದರೂ ಬಿಡುವುದಿಲ್ಲ. ಯಂತ್ರಕ್ಕೆ ಹಾಕುವ ಕಾಯಿಯ ತೇವಾಂಶ ಎಷ್ಟಿರಬೇಕು, ಎಷ್ಟು ಮುರಿದರೆ ವ್ಯಾಪಾರಿ ದರ ಇಳಿಸುತ್ತಾನೆ ಎಂಬ ಪ್ರಶ್ನೆಗಳನ್ನು ಮೊದಲ ದಿನವೇ ಎತ್ತುವವರು ಬೆಳೆ ಓದಿದವರು. ವಿನ್ಯಾಸ ಶುರುವಾಗಬೇಕಾದದ್ದು ಅಲ್ಲಿಂದಲೇ, ಬ್ಲೇಡಿನಿಂದಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಆರಂಭವಾದ ‘ಎಪಿಕ್ಸ್’ ಕಾರ್ಯಕ್ರಮದಲ್ಲಿ ಮೊದಲ ವರ್ಷದವರಿಂದ ಕೊನೆಯ ವರ್ಷದವರವರೆಗೆ, ಬೇರೆ ಬೇರೆ ವಿಭಾಗದವರು ಒಂದೇ ತಂಡದಲ್ಲಿ ಸ್ಥಳೀಯ ಸಂಸ್ಥೆಗಳ ಅಗತ್ಯಗಳಿಗಾಗಿ ದುಡಿಯುತ್ತಾರೆ; ಹಿರಿಯರು ಪಾಸಾಗಿ ಹೋದರೂ ಪ್ರಾಜೆಕ್ಟ್ ಕಿರಿಯರ ಕೈಯಲ್ಲಿ ಮುಂದುವರಿಯುತ್ತದೆ. ನಮ್ಮಲ್ಲಿ ಜೂನ್ ಬಂತೆಂದರೆ ಮಾದರಿ ಯಂತ್ರ ಲ್ಯಾಬಿನ ಮೂಲೆ ಸೇರುತ್ತದೆ, ಮರುವರ್ಷದ ಬ್ಯಾಚ್ ಅದೇ ವಿಷಯವನ್ನು ಸೊನ್ನೆಯಿಂದ ಆರಂಭಿಸುತ್ತದೆ. ಇದು ನನಗೆ ತೀರ ಸಂಕಟ ತರುವ ಸಂಗತಿ.

ಇನ್ನು ಅಂಕಗಳ ಮಾತು. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ಮೇಲೆ ತಂಡದಲ್ಲಿ ದುಡಿಯುವ ಸಾಮರ್ಥ್ಯವನ್ನೂ ಅಳೆದು ತೋರಿಸಬೇಕೆಂಬ ಒತ್ತಾಯ ಕಾಲೇಜುಗಳ ಮೇಲೆ ಹೆಚ್ಚಾಗಿದೆ, ಆದರೆ ಅಳತೆ ಬಹಳ ಕಡೆ ಕಾಟಾಚಾರಕ್ಕೆ ನಡೆಯುತ್ತದೆ. ಪ್ರತಿಯೊಬ್ಬರೂ ಉಳಿದ ಮೂವರ ಕೆಲಸವನ್ನು ಕಾರಣ ಸಮೇತ, ಸೆಮಿಸ್ಟರಿನ ನಡುವೆ ಒಮ್ಮೆ ಮತ್ತು ಕೊನೆಗೊಮ್ಮೆ ಗುಟ್ಟಾಗಿ ಬರೆದುಕೊಡಲಿ. ಅದಕ್ಕೆ ತಕ್ಕಂತೆ ಗುಂಪಿನ ಅಂಕ ಒಬ್ಬೊಬ್ಬರಿಗೆ ಏರಲಿ, ಇಳಿಯಲಿ. ನಡುವಿನ ಬರಹವೇ ಮುಖ್ಯ, ಏಕೆಂದರೆ ಹಿಂದೆ ಬಿದ್ದವರಿಗೆ ತಿದ್ದಿಕೊಳ್ಳಲು ಆಗಿನ್ನೂ ಸಮಯವಿರುತ್ತದೆ. ಒಂದೇ ಹಾಸ್ಟೆಲಿನ ಗೆಳೆಯರು ಪರಸ್ಪರರಿಗೆ ಪೂರ್ತಿ ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬೇರೆ ವಿಶ್ವವಿದ್ಯಾಲಯದ ಇಬ್ಬರು ಬ್ಯಾಚಿನಲ್ಲಿದ್ದು, ಆ ಬರಹಗಳನ್ನು ಓದಿ ಪ್ರಶ್ನೆ ಕೇಳುವ ಅಧ್ಯಾಪಕರೂ ಹೊರಗಿನವರಾದರೆ ಆ ಹೊಂದಾಣಿಕೆ ಅಷ್ಟು ಸುಲಭವಾಗುವುದಿಲ್ಲ.

ಒಂದೊಂದು ಕಡೆ ಒಂದೊಂದು ಕ್ರೆಡಿಟ್ ಪದ್ಧತಿ ಇರುವುದು ನಿಜ, ಅದನ್ನು ಒಡಂಬಡಿಕೆ ಮಾಡಿಕೊಂಡು ಸರಿದೂಗಿಸಬಹುದು. ಅದಕ್ಕಿಂತ ಮೊದಲು ಕೂತು ಹೊಂದಿಸಬೇಕಾದದ್ದು ವೇಳಾಪಟ್ಟಿಯನ್ನು. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಭರದಿಂದ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ನಮ್ಮ ವಿದ್ಯಾರ್ಥಿಗಳು ವಿಷಯ ಆರಿಸುವುದು ಆಗಸ್ಟಿನಲ್ಲಿ, ಯಂತ್ರ ತಯಾರಾಗುವುದು ಏಪ್ರಿಲ್ ಕಳೆದ ಮೇಲೆ. ಆಗಸ್ಟಿನಲ್ಲಿ ಕೋಲ್ಡ್ ಸ್ಟೋರೇಜಿನ ಕಾಯಿ ತಂದು ಅಳತೆ ಆರಂಭಿಸಿ, ಡಿಸೆಂಬರಿನೊಳಗೆ ಒರಟಾದರೂ ಸರಿ ಒಂದು ಮಾದರಿ ಮಾಡಿಕೊಂಡು, ಫೆಬ್ರವರಿಯಲ್ಲಿ ಅದನ್ನು ತೊಟ್ಟು ಬಿಡಿಸುವವರ ಮುಂದೆ ಇಟ್ಟು ನಡೆಸುವಂತೆ ಎರಡೂ ವಿಶ್ವವಿದ್ಯಾಲಯಗಳು ತಮ್ಮ ಇಂಟರ್ನಲ್ಸ್ ದಿನಾಂಕಗಳನ್ನು ಹೊಂದಿಸಿಕೊಳ್ಳಬೇಕು.